ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನುಗಳ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪುನೀರಿನ ಟ್ಯಾಂಕ್ ಇಟ್ಟವರು ಮಾತಿಗೆ ಸಿಕ್ಕರೆ ನೀರಿನ ವಿಷಯ ಐದು ನಿಮಿಷ, ಮೀನುಗಳ ಜಗಳದ ವಿಷಯ ಒಂದು ಗಂಟೆ. ವರ್ಷಗಳಿಂದ ಜನ ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಪಳಗಿದವರದ್ದು ಆಮೇಲೆ. ಈಗ ನಿಮ್ಮ ಟ್ಯಾಂಕಿನಲ್ಲಿ ಹೊಡೆದಾಟ ನಡೆಯುತ್ತಿದ್ದರೆ ನೇರವಾಗಿ "ಜಗಳ ಶುರುವಾದ ಮೇಲೆ" ಅನ್ನುವ ಭಾಗಕ್ಕೆ ಹೋಗಿ. ಉಳಿದದ್ದನ್ನು ಆಮೇಲೆ ಓದಬಹುದು.

## ಮೊದಲ ಪ್ರಶ್ನೆಗಳು

ಮೀನುಗಳು ಯಾಕೆ ಹೀಗೆ ಕಚ್ಚಾಡ್ತವೆ? ನಾನೇನಾದ್ರೂ ತಪ್ಪು ಮಾಡಿದ್ನಾ?

ಹವಳದ ದಿಬ್ಬದಲ್ಲಿ ಜಾಗಕ್ಕೆ ಬೆಲೆ ಜಾಸ್ತಿ. ರಾತ್ರಿ ನುಗ್ಗಿ ಮಲಗಲು ಒಂದು ಸಂದು, ಮೇಯಲು ಒಂದಿಷ್ಟು ಪಾಚಿ ಇದ್ದ ಮೀನು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕೆಲವು ಡ್ಯಾಮ್ಸೆಲ್ ಮೀನುಗಳಂತೂ ತಮ್ಮ ಬಂಡೆಯ ಮೇಲಿನ ಪಾಚಿಯನ್ನು ತೋಟದ ಹಾಗೆ ನೋಡಿಕೊಳ್ಳುತ್ತವೆ. ಬೇಡದ ಪಾಚಿಯನ್ನು ಕಿತ್ತು ಆಚೆ ಒಯ್ದು ಉಗುಳುತ್ತವೆ. ಮೇಯಲು ಬಂದ ಮೀನು ತಮಗಿಂತ ಎಷ್ಟೋ ಪಟ್ಟು ದೊಡ್ಡದಿದ್ದರೂ ಓಡಿಸುತ್ತವೆ.

ಕಡಲಿನಲ್ಲಿ ಈ ಜಗಳ ಕೆಲವೇ ಕ್ಷಣದ್ದು. ಸೋತ ಮೀನು ಗಡಿ ದಾಟಿ ಹೋಗುತ್ತದೆ, ಗೆದ್ದದ್ದು ಹಿಂದಿರುಗುತ್ತದೆ, ಅಲ್ಲಿಗೆ ಮುಗಿಯಿತು. ಟ್ಯಾಂಕಿನಲ್ಲಿ ಸೋತ ಮೀನು ಒಂದು ಮೀಟರ್ ಈಜಿದರೆ ಗಾಜು ಎದುರಾಗುತ್ತದೆ. ಅಲ್ಲೂ ಅದು ಯಜಮಾನನ ಗಡಿಯ ಒಳಗೇ ಇರುತ್ತದೆ. ಹಾಗಾಗಿ ಯಜಮಾನ ಮತ್ತೆ ಬರುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಮೀನು ಕೆಟ್ಟದ್ದು ಅಂತ ಅಲ್ಲ. ಸೋತದ್ದಕ್ಕೆ ಹೊರಗೆ ಹೋಗುವ ದಾರಿ ಇಲ್ಲ, ಅಷ್ಟೇ. ಈ ಪುಟದಲ್ಲಿ ಮುಂದೆ ಹೇಳುವುದೆಲ್ಲ ಹೆಚ್ಚುಕಮ್ಮಿ ಆ ದಾರಿಯನ್ನು ಮಾಡಿಕೊಡುವುದು ಹೇಗೆ ಅನ್ನುವುದೇ.

ಸ್ವಲ್ಪ ಅಟ್ಟಾಡಿಸೋದು ಮಾಮೂಲಿ ಅಂತಾರೆ. ಎಷ್ಟರವರೆಗೆ ಮಾಮೂಲಿ?

ಹೊಡೆಯುವ ಮೀನನ್ನು ನೋಡಬೇಡಿ, ಹೊಡೆಸಿಕೊಳ್ಳುವ ಮೀನನ್ನು ನೋಡಿ. ಅದು ಊಟದ ಹೊತ್ತಿಗೆ ಮುಂದೆ ಬಂದು ತಿನ್ನುತ್ತಿದ್ದರೆ, ರೆಕ್ಕೆ ಬಿಚ್ಚಿಕೊಂಡು ಓಡಾಡುತ್ತಿದ್ದರೆ, ಆಗಾಗ ಅಟ್ಟಿಸಿಕೊಂಡರೂ ಚಿಂತೆ ಇಲ್ಲ. ಹೊಸ ಮೀನು ಬಂದ ಮೊದಲ ಎರಡು ಮೂರು ದಿನ ಇದು ಇದ್ದದ್ದೇ.

ಗಾಬರಿ ಪಡಬೇಕಾದದ್ದು ಬೇರೆ ಥರ ಇರುತ್ತದೆ. ಮೀನು ನೀರಿನ ಮೇಲ್ತುದಿಯ ಒಂದು ಮೂಲೆಯಲ್ಲಿ, ಪಂಪಿನ ಹಿಂದೆ, ತಲೆ ಮೇಲೆ ಮಾಡಿಕೊಂಡು ನಿಂತುಬಿಟ್ಟಿರುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿರುತ್ತದೆ. ಬಣ್ಣ ಮಾಸಿರುತ್ತದೆ. ಕಿವಿರು ಬೇಗ ಬೇಗ ಬಡಿಯುತ್ತಿರುತ್ತದೆ. ಊಟ ಬಿಟ್ಟಿರುತ್ತದೆ. ಬಾಲದ ಅಂಚು ಹರಿದಿರುತ್ತದೆ, ಹುರುಪೆ ಕಿತ್ತುಹೋದ ಕಡೆ ಬಿಳಿ ಮಚ್ಚೆ ಕಾಣುತ್ತದೆ. ಇದರಲ್ಲಿ ಎರಡು ಒಟ್ಟಿಗೆ ಕಂಡರೆ ಅವತ್ತೇ ಏನಾದರೂ ಮಾಡಿ, ನಾಳೆಗೆ ಬಿಡಬೇಡಿ.

ಕಚ್ಚದೆಯೂ ಕೊಲ್ಲಬಹುದು, ಇದನ್ನು ನಾನು ನೋಡಿ ಕಲಿತೆ. ನನ್ನ ಟ್ಯಾಂಕಿನಲ್ಲಿ ಬೆರಳುದ್ದದ ಒಂದು ಸಿಕ್ಸ್‌ಲೈನ್ ರಾಸ್ ಇತ್ತು. ಹೊಸದಾಗಿ ಬಿಟ್ಟ ಫೈರ್‌ಫಿಶ್ ಅನ್ನು ಅದು ಒಮ್ಮೆಯೂ ಕಚ್ಚಲಿಲ್ಲ. ಫೈರ್‌ಫಿಶ್ ಅಡಗಿದ ಸಂದಿನ ಬಾಯಿಗೆ ರಾಸ್ ಬಂದು, ತಲೆ ಸ್ವಲ್ಪ ಬಾಗಿಸಿ, ಹಾಗೇ ನಿಲ್ಲುತ್ತಿತ್ತು. ಆಮೇಲೆ ಒಂದು ಸುತ್ತು ಹೊಡೆದು ಬಂದು ಮತ್ತೆ ಅಲ್ಲೇ ನಿಲ್ಲುತ್ತಿತ್ತು. ಫೈರ್‌ಫಿಶ್ ಮುಖ ಮಾತ್ರ ಹೊರಗೆ ಹಾಕಿ, ನೆತ್ತಿಯ ಮೇಲಿನ ಉದ್ದ ಬಿಳಿ ರೆಕ್ಕೆಯನ್ನು ಪಟಪಟ ಆಡಿಸಿ ಒಳಗೆ ಸರಿಯುತ್ತಿತ್ತು. ನಾಲ್ಕು ದಿನ ಅದು ಏನೂ ತಿನ್ನಲಿಲ್ಲ. ಐದನೇ ದಿನ ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಪೈಪ್ ಇಳಿಯುವ ಕಡೆ ಮುಚ್ಚಳದಲ್ಲಿ ಎರಡು ಬೆರಳಿನಷ್ಟು ಸಂದಿತ್ತು, ಅದರಲ್ಲೇ ಹಾರಿತ್ತು. ಅವತ್ತಿನಿಂದ ಮುಚ್ಚಳದ ಬಲೆಯಲ್ಲಿ ಒಂದು ಬೆರಳಿನ ಸಂದೂ ಉಳಿಯದ ಹಾಗೆ ನೋಡಿಕೊಳ್ಳುತ್ತೇನೆ.

ಟ್ಯಾಂಕ್ ದೊಡ್ಡದು ಮಾಡಿದ್ರೆ ಸಮಸ್ಯೆ ಮುಗೀತು ಅಲ್ವಾ?

ಅರ್ಧ ಮುಗಿಯುತ್ತದೆ. ಎಷ್ಟು ಲೀಟರ್ ಅನ್ನುವುದಕ್ಕಿಂತ ಎಷ್ಟು ಉದ್ದ, ಒಳಗೆ ಎಷ್ಟು ಮರೆ ಇದೆ ಅನ್ನುವುದು ಮುಖ್ಯ. ಎತ್ತರದ ಟ್ಯಾಂಕಿನಲ್ಲಿ ನೀರು ಜಾಸ್ತಿ ಹಿಡಿಸಬಹುದು, ಆದರೆ ಓಡುವ ಮೀನಿಗೆ ಬೇಕಾದದ್ದು ಉದ್ದ. ಬಂಡೆಗಳನ್ನೆಲ್ಲ ನಡುವೆ ಒಂದೇ ಗುಡ್ಡೆ ಮಾಡಿ ಪೇರಿಸಿದರೆ ಅದು ಒಬ್ಬನೇ ಯಜಮಾನನ ಮನೆಯಾಗುತ್ತದೆ. ಅದನ್ನೇ ಎರಡು ಮೂರು ಗುಡ್ಡೆ ಮಾಡಿ, ನಡುವೆ ಮರಳಿನ ಓಣಿ ಬಿಟ್ಟರೆ ಅಷ್ಟೇ ಜಾಗದಲ್ಲಿ ಎರಡು ಮೂರು ಮನೆ ಆಗುತ್ತವೆ. ಒಂದು ಗುಡ್ಡೆಯಿಂದ ನೋಡಿದರೆ ಇನ್ನೊಂದರ ಹಿಂದೆ ಇರುವುದು ಕಾಣಬಾರದು. ಪ್ರತಿ ಸಂದಿಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗವಿಗೆ ನುಗ್ಗಿದ ಮೀನು ಸಿಕ್ಕಿಬಿದ್ದ ಹಾಗೇ ಲೆಕ್ಕ.

ಹೊಟ್ಟೆ ತುಂಬ ಹಾಕಿದ್ರೆ ಸುಮ್ನಿರ್ತವಾ?

ಊಟಕ್ಕಾಗಿ ನಡೆಯುವ ಜಗಳ ಖಂಡಿತ ಇಳಿಯುತ್ತದೆ. ದಿನಕ್ಕೆ ಒಂದೇ ಸಲ ಒಂದೇ ಮೂಲೆಯಲ್ಲಿ ಸುರಿಯುವ ಬದಲು ಅಷ್ಟನ್ನೇ ಎರಡು ಮೂರು ಸಲ, ಎರಡು ಕಡೆ ಹಾಕಿ. ಪಾಚಿ ತಿನ್ನುವ ಟ್ಯಾಂಗ್‌ಗಳಿದ್ದರೆ ನೋರಿ, ಅಂದರೆ ಒಣಗಿಸಿದ ಕಡಲ ಪಾಚಿಯ ಹಾಳೆಯನ್ನು ಟ್ಯಾಂಕಿನ ಎರಡೂ ತುದಿಗೆ ಒಂದೊಂದು ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಎರಡೂ ಕಡೆ ಒಟ್ಟಿಗೆ ಕಾವಲು ಕಾಯಲು ಯಾವ ಮೀನಿಗೂ ಆಗುವುದಿಲ್ಲ. ಜಾಗಕ್ಕಾಗಿ, ಜೋಡಿಗಾಗಿ ನಡೆಯುವ ಜಗಳ ಮಾತ್ರ ಊಟದಿಂದ ನಿಲ್ಲುವುದಿಲ್ಲ. ಅಳತೆ ಮೀರಿ ಹಾಕಿದರೆ ನೀರು ಕೆಡುತ್ತದೆ, ಕೆಟ್ಟ ನೀರಿನಲ್ಲಿ ಸೋತ ಮೀನೇ ಮೊದಲು ಸಾಯುತ್ತದೆ.

## ಮೀನು ಆರಿಸುವಾಗ

ಯಾವ ಮೀನು ಸಾಧು, ಯಾವುದು ಪುಂಡ ಅಂತ ಮೊದಲೇ ಹೇಳಿಬಿಡಿ

ಸಾಧುಗಳ ಪೈಕಿ ಪೈಜಾಮ ಕಾರ್ಡಿನಲ್, ಫೈರ್‌ಫಿಶ್, ಸೀಗಡಿಯ ಜೊತೆ ಬಿಲ ಹಂಚಿಕೊಳ್ಳುವ ಗೋಬಿಗಳು, ಮ್ಯಾಂಡರಿನ್. ಆಸೆಲ್ಲಾರಿಸ್ ಅನ್ನುವ ಕ್ಲೌನ್ ಫಿಶ್ ತನ್ನ ಬಳಗದಲ್ಲೇ ಮೆತ್ತಗಿನದು. ರಾಯಲ್ ಗ್ರಾಮಾ ತನ್ನ ಗವಿಯ ಮುಂದೆ ಬಾಯಿ ಅಗಲಿಸಿ ಹೆದರಿಸುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲಿಸುತ್ತದೆ.

ಪುಂಡರ ಪೈಕಿ ಮೊದಲ ಹೆಸರು ಡ್ಯಾಮ್ಸೆಲ್‌ಗಳದ್ದು, ಅದರಲ್ಲೂ ಡಾಮಿನೋ. ಮರೂನ್ ಕ್ಲೌನ್, ಹೆಚ್ಚಿನ ಡಾಟಿಬ್ಯಾಕ್‌ಗಳು, ಸೊಹಾಲ್ ಟ್ಯಾಂಗ್, ಕ್ಲೌನ್ ಟ್ರಿಗರ್, ಅಂಡ್ಯುಲೇಟೆಡ್ ಟ್ರಿಗರ್ ಅದೇ ಸಾಲಿಗೆ ಸೇರುತ್ತವೆ. ಸಿಕ್ಸ್‌ಲೈನ್ ರಾಸ್ ಎಳೆಯದಿದ್ದಾಗ ಮುದ್ದಾಗಿರುತ್ತದೆ, ಟ್ಯಾಂಕ್ ತನ್ನದು ಅನಿಸಿದ ಮೇಲೆ ಬಾಲ ಬಿಚ್ಚುತ್ತದೆ. ಡಾಟಿಬ್ಯಾಕ್ ಬೇಕೇ ಬೇಕು ಅನ್ನುವವರಿಗೆ ಆರ್ಕಿಡ್ ಡಾಟಿಬ್ಯಾಕ್ ಹೇಳುತ್ತೇನೆ. ಕೆಂಪು ಸಮುದ್ರದ ಈ ನೇರಳೆ ಮೀನು ತನ್ನ ಬಳಗದಲ್ಲಿ ಸಮಾಧಾನಿ.

ಇದೆಲ್ಲ ಬಳಗದ ಗುಣ. ಒಂದೊಂದು ಮೀನಿಗೂ ಅದರದ್ದೇ ಸ್ವಭಾವ ಇರುತ್ತದೆ. ಕೊಳ್ಳುವ ಮೊದಲು ಅಂಗಡಿಯ ಟ್ಯಾಂಕಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಅಲ್ಲೇ ಎಲ್ಲರನ್ನೂ ಮೂಲೆಗುಂಪು ಮಾಡಿದ ಮೀನು ನಿಮ್ಮಲ್ಲಿಗೆ ಬಂದು ಬದಲಾಗುವುದಿಲ್ಲ.

ಟ್ಯಾಂಕ್ ಸೈಕಲ್ ಮಾಡೋಕೆ ಡ್ಯಾಮ್ಸೆಲ್ ಹಾಕಿ, ಗಟ್ಟಿ ಮೀನು ಅಂದ್ರು. ಹಾಕ್ಲಾ?

ದಯವಿಟ್ಟು ಬೇಡ. ಹೊಸ ಟ್ಯಾಂಕಿನಲ್ಲಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಟ್ಟಲೆ ಬೇಕು, ಸೈಕಲ್ ಅನ್ನುವುದು ಇದನ್ನೇ. ಅಷ್ಟು ದಿನ ಆ ವಿಷದಲ್ಲಿ ಒಂದು ಜೀವವನ್ನು ಇಡುವ ಅಗತ್ಯ ಇಲ್ಲ. ಬಾಟಲಿಯಲ್ಲಿ ಸಿಗುವ ಅಮೋನಿಯಾದಿಂದಲೋ ಒಂದು ಚೂರು ಸೀಗಡಿ ಕೊಳೆಯಲು ಬಿಟ್ಟೋ ಸೈಕಲ್ ಮಾಡಬಹುದು. ಇನ್ನೊಂದು ತೊಂದರೆ ಆಮೇಲೆ ಗೊತ್ತಾಗುತ್ತದೆ. ಮೊದಲು ಬಂದ ಆ ಡ್ಯಾಮ್ಸೆಲ್ ಇಡೀ ಟ್ಯಾಂಕಿಗೆ ಯಜಮಾನ ಆಗಿರುತ್ತದೆ. ಅದನ್ನು ಹೊರಗೆ ತೆಗೆಯಬೇಕಾದರೆ ನೀವು ಕೂರಿಸಿದ ಬಂಡೆಗಳನ್ನೆಲ್ಲ ಕಳಚಬೇಕು. ನಾನು ಒಂದು ಡಾಮಿನೋಗಾಗಿ ಒಂದು ಇಡೀ ರಜಾದಿನ ಆ ಕೆಲಸ ಮಾಡಿದ್ದೇನೆ.

ಯಾವುದನ್ನ ಮೊದಲು ಬಿಡ್ಬೇಕು, ಯಾವುದು ಆಮೇಲೆ?

ಮೆತ್ತಗಿನದು ಮೊದಲು, ಜೋರಿನದು ಕೊನೆಗೆ. ಟ್ಯಾಂಕಿನಲ್ಲಿ ಮೊದಲು ಬಂದವರ ಮಾತೇ ನಡೆಯುವುದು. ಫೈರ್‌ಫಿಶ್, ಗೋಬಿ, ಕಾರ್ಡಿನಲ್ ಮೊದಲ ಸುತ್ತು. ಕ್ಲೌನ್, ಗ್ರಾಮಾ, ಫೇರಿ ರಾಸ್ ಎರಡನೇ ಸುತ್ತು. ಕುಬ್ಜ ಏಂಜೆಲ್‌ಗಳು, ಅಂದರೆ ಕೋರಲ್ ಬ್ಯೂಟಿ, ಫ್ಲೇಮ್ ಏಂಜೆಲ್ ಥರದವು, ಮತ್ತು ಟ್ಯಾಂಗ್‌ಗಳು ಕಟ್ಟಕಡೆಗೆ. ಮೆತ್ತಗಿನ ಮೀನಿಗೆ ಒಂದು ಗವಿ ಗೊತ್ತಾಗಿ, ಕೈಯ ನೆರಳು ಕಂಡರೆ ಊಟಕ್ಕೆ ಬರುವಷ್ಟು ರೂಢಿಯಾಗಿದ್ದರೆ, ಆಮೇಲೆ ಬಂದ ಜೋರಿನ ಮೀನು ಅದನ್ನು ಒಪ್ಪಿಕೊಳ್ಳುವುದು ಜಾಸ್ತಿ. ಸುತ್ತಿನಿಂದ ಸುತ್ತಿಗೆ ಎರಡು ಮೂರು ವಾರವಾದರೂ ಬಿಡಿ, ಬ್ಯಾಕ್ಟೀರಿಯಾಕ್ಕೂ ಅಷ್ಟು ಸಮಯ ಬೇಕು.

ಒಂದೇ ಜಾತಿಯದ್ದು ಗುಂಪಾಗಿ ಇಡೋಣ ಅಂತ ಆಸೆ. ಆಗುತ್ತಾ?

ಜಾತಿ ನೋಡಿ ಹೇಳಬೇಕು. ಜಗಳ ಜೋರಾಗುವುದೇ ತನ್ನಂಥದ್ದನ್ನೇ ಕಂಡಾಗ. ಅದೇ ಊಟ, ಅದೇ ಗವಿ, ಅದೇ ಜೋಡಿ ಬೇಕಾದವನು ಅಲ್ವಾ ನಿಜವಾದ ಎದುರಾಳಿ? ಅದಕ್ಕೇ ಒಂದೇ ಬಣ್ಣ, ಒಂದೇ ಆಕಾರದ ಬೇರೆ ಜಾತಿಯನ್ನೂ ಮೀನು ಸಹಿಸುವುದಿಲ್ಲ.

ಹಸಿರು ಕ್ರೋಮಿಸ್ ಗುಂಪಿನ ಮೀನು ಅಂತ ಆರು ಏಳು ತರುತ್ತಾರೆ. ಎಷ್ಟೋ ಟ್ಯಾಂಕುಗಳಲ್ಲಿ ಅವು ತಿಂಗಳಿಗೆ ಒಂದರಂತೆ ಕಡಿಮೆಯಾಗುತ್ತಾ ಬರುತ್ತವೆ. ಗುಂಪಿನ ಕಡೆಯ ಮೀನನ್ನು ಉಳಿದವು ಕುಕ್ಕುತ್ತವೆ, ಅದು ಹೋದ ಮೇಲೆ ಮುಂದಿನದು ಕಡೆಯದಾಗುತ್ತದೆ. ಬಾಂಗ್ಗಾಯ್ ಕಾರ್ಡಿನಲ್ ಕೂಡ ಹಾಗೇ, ಗುಂಪಿನಲ್ಲಿ ಒಂದು ಜೋಡಿ ಕೂಡಿಕೊಂಡ ಮೇಲೆ ಉಳಿದವುಗಳಿಗೆ ಉಳಿಗಾಲ ಇಲ್ಲ. ನೆಮ್ಮದಿಯ ಗುಂಪು ಬೇಕಿದ್ದರೆ ಪೈಜಾಮ ಕಾರ್ಡಿನಲ್ ಇಡಿ.

ನಮ್ಮ ಲಯನ್ ಫಿಶ್ ಯಾರ ತಂಟೆಗೂ ಹೋಗಲ್ಲ, ಆದ್ರೂ ಸಣ್ಣ ಮೀನು ಕಾಣೆಯಾಗ್ತಿವೆ

ಅದು ಜಗಳ ಅಲ್ಲ, ಊಟ. ಬಾಯಿಗೆ ಹಿಡಿಸುವುದೆಲ್ಲ ಲಯನ್ ಫಿಶ್‌ಗೆ ಆಹಾರವೇ, ಮತ್ತು ಅದರ ಬಾಯಿ ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಗ್ರೂಪರ್‌ಗಳೂ ಹಾಗೇ. ಈ ಪುಟದ ಯಾವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಸಣ್ಣ ಮೀನನ್ನು ಅದರ ಜೊತೆ ಇಡದಿರುವುದೊಂದೇ ದಾರಿ.

## ಕ್ಲೌನ್ ಫಿಶ್ ಪ್ರಶ್ನೆಗಳು

ಎರಡು ಕ್ಲೌನ್ ಇವೆ. ದೊಡ್ಡದರ ಮುಂದೆ ಚಿಕ್ಕದು ಮೈ ನಡುಗಿಸುತ್ತೆ. ಕಾಯಿಲೆನಾ?

ಕಾಯಿಲೆ ಅಲ್ಲ, ಒಳ್ಳೆಯ ಸುದ್ದಿ. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಹೆಣ್ಣೂ ಅಲ್ಲ, ಪೂರ್ತಿ ಗಂಡೂ ಅಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಎರಡನೆಯದು ಗಂಡಾಗುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಚಿಕ್ಕದು ಓರೆಯಾಗಿ ನಿಂತು ಮೈ ನಡುಗಿಸುವುದು "ನೀನೇ ದೊಡ್ಡವಳು, ಒಪ್ಪಿದೆ" ಅನ್ನುವ ಮಾತು. ಆ ಮಾತು ನಡೆಯುತ್ತಿರುವಷ್ಟು ದಿನ ಇಬ್ಬರೂ ಕ್ಷೇಮ.

ಅಳತೆಯ ಅಂತರವೇ ಇಲ್ಲಿ ಶಾಂತಿ ಕಾಯುವುದು. ಪೀಟರ್ ಬಸ್ಟನ್ ಅನ್ನುವ ಸಂಶೋಧಕರು 2003ರಲ್ಲಿ ಇದನ್ನು ತೋರಿಸಿಕೊಟ್ಟರು. ಕ್ಲೌನ್ ಗುಂಪಿನಲ್ಲಿ ಕೆಳಗಿನ ಮೀನು ತನ್ನ ಮೇಲಿನದಕ್ಕಿಂತ ಚಿಕ್ಕದಾಗಿ ಉಳಿಯುವ ಹಾಗೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ. ಸಮಸಮ ಬೆಳೆದರೆ ಗುಂಪಿನಿಂದ ಹೊರಬೀಳುವ ಭಯ ಅದಕ್ಕೆ. ಹಾಗಾಗಿ ಜೋಡಿ ಮಾಡುವಾಗ ಒಂದು ದೊಡ್ಡದು, ಒಂದು ಕಣ್ಣಿಗೆ ಕಾಣುವಷ್ಟು ಚಿಕ್ಕದು ತನ್ನಿ, ಇಲ್ಲವೇ ಎರಡೂ ತೀರಾ ಎಳೆಯವನ್ನು ತನ್ನಿ. ದೊಡ್ಡ ಹೆಣ್ಣುಗಳೆರಡನ್ನು ಒಟ್ಟಿಗೆ ಬಿಟ್ಟರೆ ಒಂದು ಉಳಿಯುವುದು ಕಷ್ಟ. ಮೂರನೆಯದನ್ನೂ ತರಬೇಡಿ.

ಕ್ಲೌನ್ ಇದ್ದಕ್ಕಿದ್ದ ಹಾಗೆ ಎಲ್ಲರನ್ನೂ, ನನ್ನ ಕೈಯನ್ನೂ ಕಚ್ಚುತ್ತೆ

ಕ್ಲೌನ್ ಆಸರೆ ಪಡೆಯುವ ಹೂವಿನಂಥ ಕಡಲ ಜೀವಿ ಅನಿಮೋನ್, ಅದರ ಬುಡದಲ್ಲಿ, ಬಂಡೆಯ ಚಪ್ಪಟೆ ಮೈಯಲ್ಲಿ ಅಥವಾ ಹಿಂದಿನ ಗಾಜಿನ ಮೇಲೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಮೊಟ್ಟೆ ಇದೆಯೇ ನೋಡಿ. ಇದ್ದರೆ ಒಂದು ವಾರ, ಹತ್ತು ದಿನದ ಮಾತು, ಮೊಟ್ಟೆ ಒಡೆದ ಮೇಲೆ ಕಾವಲು ಸಡಿಲಾಗುತ್ತದೆ. ಆದರೆ ಒಮ್ಮೆ ಮೊಟ್ಟೆ ಇಡಲು ಶುರುಮಾಡಿದ ಜೋಡಿ ಎರಡು ಮೂರು ವಾರಕ್ಕೊಮ್ಮೆ ಇಡುತ್ತಲೇ ಹೋಗಬಹುದು. ಟ್ಯಾಂಕಿನ ಆ ತುದಿಯನ್ನು ಅವರಿಗೇ ಬಿಟ್ಟು, ಉಳಿದವರಿಗೆ ಇನ್ನೊಂದು ತುದಿಯಲ್ಲಿ ಮರೆ ಜಾಸ್ತಿ ಮಾಡಿ. ಕೈಗೆ ಕೈಗವಸು ಸಾಕು.

## ಹೊಸ ಮೀನು ಬಿಡುವಾಗ

ಹೊಸ ಮೀನನ್ನ ಹೇಗೆ ಬಿಟ್ರೆ ಹೊಡೆತ ಕಮ್ಮಿ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸಾಮಾನು ಅಕ್ಲಿಮೇಷನ್ ಬಾಕ್ಸ್. ಒಳಗಿನ ಗಾಜಿಗೆ ನೇತುಹಾಕುವ, ತೂತುಗಳಿರುವ ಪಾರದರ್ಶಕ ಪೆಟ್ಟಿಗೆ ಅದು. ಹೊಸ ಮೀನು ಪೆಟ್ಟಿಗೆಯ ಒಳಗೆ ಸುರಕ್ಷಿತ, ಹಳೆಯವು ಹೊರಗಿನಿಂದ ನೋಡುತ್ತವೆ. ಪೆಟ್ಟಿಗೆಯ ಒಳಗೆ ಒಂದು ಪಿವಿಸಿ ಪೈಪಿನ ತುಂಡು ಹಾಕಿ, ಅಡಗಲು ಬೇಕು.

ಮೊದಲ ದಿನ ಯಜಮಾನ ಪೆಟ್ಟಿಗೆಯ ಮೇಲೆ ಏರಿ ಹೋಗುತ್ತದೆ, ಮೂತಿ ಗುದ್ದುತ್ತದೆ, ಬಾಲದಿಂದ ಬಡಿಯುತ್ತದೆ. ಎರಡನೇ ದಿನ ಆಗೊಮ್ಮೆ ಈಗೊಮ್ಮೆ. ಮೂರು ನಾಲ್ಕನೇ ದಿನಕ್ಕೆ ಹಾದುಹೋಗುವಾಗ ಒಮ್ಮೆ ನೋಡಿ ಮುಂದೆ ಹೋಗುತ್ತದೆ. ಮೀನುಗಳಿಗೆ ಗುರುತಿನ ನೆರೆಯವನಿಗಿಂತ ಅಪರಿಚಿತನ ಮೇಲೆ ಸಿಟ್ಟು ಜಾಸ್ತಿ, ಆ ಗುರುತು ಹಿಡಿಸುವುದೇ ಪೆಟ್ಟಿಗೆಯ ಕೆಲಸ. ಪೆಟ್ಟಿಗೆಯ ಆಚೆ ಸಿಟ್ಟು ಇಳಿಯುವವರೆಗೆ ಬಿಡಬೇಡಿ, ಒಂದು ವಾರ ಆದರೂ ಸರಿ. ಹೊಸ ಮೀನು ಪೆಟ್ಟಿಗೆಯಲ್ಲೇ ಊಟ ಶುರುಮಾಡಿರಬೇಕು, ಇದು ನಾನು ಬಿಟ್ಟುಕೊಡದ ಷರತ್ತು.

ಬಿಡುವ ದಿನ ಹಳೆಯವಕ್ಕೆ ಮೊದಲು ಊಟ ಹಾಕಿ, ದೀಪ ಆರಿಸಿ, ಕೋಣೆಯ ಮಂದ ಬೆಳಕಿನಲ್ಲಿ ಪೆಟ್ಟಿಗೆ ಬಾಗಿಸಿ. ಮೀನು ತಾನೇ ಹೊರಗೆ ಈಜಲಿ. ಮಾರನೆಯ ದಿನ ನೀವು ಮನೆಯಲ್ಲೇ ಇರುವ ಹಾಗೆ ದಿನ ಆರಿಸಿಕೊಳ್ಳಿ. ಇದೆಲ್ಲಕ್ಕೂ ಮುಂಚೆ ನಾಲ್ಕು ವಾರವಾದರೂ ಕ್ವಾರಂಟೈನ್ ಆಗಿರಬೇಕು. ರೋಗ ಬಾರದಿರಲು ಮಾತ್ರ ಅಲ್ಲ, ಮೈ ತುಂಬಿಕೊಂಡ ಮೀನು ಹೊಡೆತ ತಡೆದುಕೊಳ್ಳುತ್ತದೆ.

ಬಂಡೆ ಜಾಗ ಬದಲಾಯಿಸಿದ್ರೆ ಹಳೆ ಮೀನು ಗಡಿ ಮರೆಯುತ್ತೆ ಅಂತಾರಲ್ಲ?

ಸಣ್ಣ ಟ್ಯಾಂಕಿನಲ್ಲಿ, ಡ್ಯಾಮ್ಸೆಲ್, ಡಾಟಿಬ್ಯಾಕ್ ಥರ ಒಂದು ಗವಿಗೆ ಅಂಟಿಕೊಂಡ ಮೀನಿಗೆ ಇದು ನಡೆಯುತ್ತದೆ. ಹದ್ದುಬಸ್ತು ಕಲಸಿಹೋದ ಮೇಲೆ ಹಳೆಯವರೂ ಹೊಸಬರೂ ಒಟ್ಟಿಗೆ ಜಾಗ ಹುಡುಕಬೇಕು. ಇಡೀ ಟ್ಯಾಂಕ್ ಸುತ್ತುವ ಟ್ಯಾಂಗ್‌ಗಳಿಗೆ ಇದರಿಂದ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ. ಹವಳ ಅಂಟಿಸಿದ ಬಂಡೆಗಳಿದ್ದರೆ ಪ್ರಯತ್ನವೇ ಬೇಡ.

ಕನ್ನಡಿ ಇಡೋ ಉಪಾಯ ನಿಜವಾಗ್ಲೂ ಕೆಲಸ ಮಾಡುತ್ತಾ?

ಕೆಲವು ದಿನದ ಮಟ್ಟಿಗೆ ಮಾಡುತ್ತದೆ. ಹೊರಗಿನ ಗಾಜಿಗೆ ಒಂದು ಕನ್ನಡಿ ಒರಗಿಸಿದರೆ ಪುಂಡ ಮೀನು ಅಲ್ಲಿರುವುದು ಇನ್ನೊಬ್ಬ ಎದುರಾಳಿ ಅಂದುಕೊಂಡು ಅದರ ಜೊತೆಗೇ ಸೆಣಸುತ್ತದೆ. ಅಷ್ಟರಲ್ಲಿ ಹೊಸ ಮೀನಿಗೆ ಉಸಿರಾಡಲು ಸಮಯ ಸಿಗುತ್ತದೆ. ಟ್ಯಾಂಗ್‌ಗಳಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಇಡೀ ದಿನ ಇಡಬೇಡಿ, ಆ ಮೀನೂ ಸುಸ್ತಾಗುತ್ತದೆ. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಹೊತ್ತು ಸಾಕು. ಎಲ್ಲ ಮೀನೂ ಕನ್ನಡಿಗೆ ಮೋಸಹೋಗುವುದಿಲ್ಲ ಅನ್ನುವುದೂ ಒಂದು ಸೋಜಿಗ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕ್ಲೀನರ್ ರಾಸ್‌ಗಳು ಕನ್ನಡಿಯಲ್ಲಿ ತಮ್ಮ ಕುತ್ತಿಗೆಗೆ ಸಂಶೋಧಕರು ಹಾಕಿದ ಗುರುತನ್ನು ನೋಡಿ, ಅದನ್ನು ಮರಳಿಗೆ ಉಜ್ಜಿ ತೆಗೆಯಲು ನೋಡಿದವು. ನನಗೆ ಮೀನುಗಳನ್ನು ನೋಡುವ ರೀತಿಯೇ ಆ ಸುದ್ದಿ ಓದಿದ ಮೇಲೆ ಬದಲಾಯಿತು.

## ಜಗಳ ಶುರುವಾದ ಮೇಲೆ

ಈಗಲೇ ಹೊಡೀತಾ ಇದೆ! ಏನು ಮಾಡ್ಲಿ?

ಮೊದಲು ಟ್ಯಾಂಕಿನ ದೀಪ ಆರಿಸಿ. ಕತ್ತಲಲ್ಲಿ ಹೆಚ್ಚಿನ ಹಗಲು ಮೀನುಗಳು ಜಗಳ ಬಿಟ್ಟು ಗವಿ ಸೇರುತ್ತವೆ. ಬಲೆ ಹಿಡಿದು ಕೈ ಆಡಿಸಬೇಡಿ, ಎಲ್ಲ ಮೀನೂ ದಿಕ್ಕಾಪಾಲಾಗುತ್ತವೆ. ಹೊಡೆಸಿಕೊಳ್ಳುವ ಮೀನು ಮೂಲೆಯಲ್ಲಿ ಮೇಲೆ ನಿಂತಿದ್ದರೆ ಅದನ್ನು ಹಿಡಿಯುವುದು ಸುಲಭ, ಒಂದು ಪಾರದರ್ಶಕ ಡಬ್ಬಿಯನ್ನು ನಿಧಾನ ಅದರ ಕೆಳಗೆ ತಂದು ಎತ್ತಿ. ಅದನ್ನು ಒಳಗಿನ ಗಾಜಿಗೆ ನೇತುಹಾಕುವ ತೂತಿನ ಪೆಟ್ಟಿಗೆಗೋ (ಅಕ್ಲಿಮೇಷನ್ ಬಾಕ್ಸ್), ಟ್ಯಾಂಕಿನ ನೀರು ಶೋಧಿಸುವ ಕೆಳಗಿನ ತೊಟ್ಟಿಯಾದ ಸಂಪ್‌ಗೋ ಹಾಕಿ. ಸಂಪ್‌ನಲ್ಲಿ ಪಂಪಿನ ಬಾಯಿಗೆ ಜಾಲರಿ ಇದೆಯೇ ನೋಡಿಕೊಳ್ಳಿ. ಇದು ಆ ರಾತ್ರಿಗೆ ಮಾತ್ರ. ಮುಂದೆ ಹೊರಗೆ ಹೋಗಬೇಕಾದದ್ದು ಪುಂಡ ಮೀನೇ.

ಪುಂಡ ಮೀನನ್ನ ಹಿಡಿಯೋಕೇ ಆಗ್ತಿಲ್ಲ. ಬಲೆ ಕಂಡ್ರೆ ಮಾಯ

ಬಲೆಯಿಂದ ಆಗುವ ಕೆಲಸ ಅಲ್ಲ, ತಾಳ್ಮೆಯಿಂದ ಆಗುವ ಕೆಲಸ. ಬಾಗಿಲಿರುವ ಪಾರದರ್ಶಕ ಬೋನು ಸಿಗುತ್ತದೆ. ಅದನ್ನು ಇಳಿಸಿ, ಬಾಗಿಲು ತೆರೆದೇ ಇಟ್ಟು, ಎರಡು ಮೂರು ದಿನ ಎಲ್ಲರ ಊಟವನ್ನೂ ಅದರೊಳಗೇ ಹಾಕಿ. ಭಯ ಹೋಗುತ್ತದೆ. ಪುಂಡ ಮೀನು ಸಾಮಾನ್ಯವಾಗಿ ಎಲ್ಲರಿಗಿಂತ ಧೈರ್ಯಸ್ಥ, ಅದೇ ಮೊದಲು ಒಳಗೆ ಬರುತ್ತದೆ. ಬಾಗಿಲಿಗೆ ಕಟ್ಟಿದ ದಾರವನ್ನು ದೂರ ಕೂತು ಹಿಡಿದಿರಿ. ಮೊದಲ ಸಲವೇ ತಪ್ಪಿಸಿಕೊಂಡರೆ ಆ ಬೋನಿನ ಹತ್ತಿರ ಅದು ಬಹಳ ದಿನ ಸುಳಿಯುವುದಿಲ್ಲ, ಹಾಗಾಗಿ ಪೂರ್ತಿ ಒಳಗೆ ಬರುವವರೆಗೆ ಕಾಯಿರಿ. ಬೋನಿಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ ತಿರುಗಿಸಿ ಒಳಕ್ಕೆ ಸಿಕ್ಕಿಸಿದರೂ ಸಣ್ಣ ಮೀನುಗಳಿಗೆ ಸಾಕು.

ಟ್ಯಾಂಗ್ ಅನ್ನು ಬಲೆಯಲ್ಲಿ ಎತ್ತಬೇಡಿ. ಬಾಲದ ಬುಡದ ಚೂರಿಮುಳ್ಳು ದಾರಕ್ಕೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೂ ಗಾಯ, ನಿಮಗೂ ಗಾಯ.

ಸ್ವಲ್ಪ ದಿನ ಹೊರಗಿಟ್ಟು ಮತ್ತೆ ಬಿಟ್ರೆ ಬುದ್ಧಿ ಬರುತ್ತಾ?

ಬುದ್ಧಿ ಬರುವುದಿಲ್ಲ, ಜಾಗ ಕೈಬಿಡುತ್ತದೆ. ಎರಡು ವಾರ ಬೇರೆ ಟ್ಯಾಂಕಿನಲ್ಲಿಟ್ಟರೆ ಅಷ್ಟರಲ್ಲಿ ಉಳಿದವರು ಒಳ್ಳೆಯ ಗವಿಗಳನ್ನು ಹಂಚಿಕೊಂಡಿರುತ್ತಾರೆ. ಅದು ವಾಪಸ್ ಬರುವಾಗ ತಾನೇ ಹೊಸಬ. ಎರಡೇ ದಿನಕ್ಕೆ ಬಿಟ್ಟರೆ ನೇರ ಹಳೆ ಗವಿಗೆ ಹೋಗಿ ಹಳೆ ಕೆಲಸವನ್ನೇ ಶುರುಮಾಡುತ್ತದೆ. ಎರಡು ವಾರದ ನಂತರವೂ ಅದೇ ಪಾಡಾದರೆ ಮೂರನೇ ಪ್ರಯತ್ನ ಬೇಡ, ಬೇರೆ ಮನೆ ಹುಡುಕಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸರಿಯಾದ ಟ್ಯಾಂಕಿನಲ್ಲಿ ಅದೇ ಮೀನು ನೆಮ್ಮದಿಯಿಂದ ಇರುತ್ತದೆ.

ರೆಕ್ಕೆ ಹರಿದಿದೆ, ಮೈ ಮೇಲೆ ಗೀರು ಇದೆ. ಔಷಧಿ ಹಾಕ್ಲಾ?

ಹೊಡೆತ ನಿಂತು ನೀರು ಚೊಕ್ಕಟ ಇದ್ದರೆ ಹರಿದ ರೆಕ್ಕೆ ಕೆಲವೇ ವಾರದಲ್ಲಿ ತಾನಾಗಿ ಬೆಳೆಯುತ್ತದೆ. ಪ್ರತಿದಿನ ನೋಡಿ. ಗಾಯದ ಅಂಚು ಕೆಂಪಾಗಿ ಹರಡುತ್ತಿದ್ದರೆ ಅಥವಾ ಹತ್ತಿಯಂಥದ್ದು ಕಟ್ಟಿದರೆ ಬೇರೆ ಟ್ಯಾಂಕಿಗೆ ತೆಗೆದು ಅಲ್ಲಿ ಔಷಧಿ ಮಾಡಿ. ಹವಳ, ಸೀಗಡಿ, ಬಸವನಹುಳು ಇರುವ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಬಾರದು, ಅವು ಸಾಯುತ್ತವೆ. ಬಳಲಿದ ಮೀನಿಗೆ ಕ್ರಿಪ್ಟೋಕ್ಯಾರಿಯಾನ್, ಅಂದರೆ ಕಡಲ ಬಿಳಿಚುಕ್ಕೆ ರೋಗ, ಬೇಗ ತಗಲುತ್ತದೆ. ಉಪ್ಪು ಚೆಲ್ಲಿದ ಹಾಗೆ ಮೈಮೇಲೆ ಚುಕ್ಕೆ ಕಂಡರೆ ಜಗಳದ ಚಿಂತೆ ಬಿಟ್ಟು ಮೊದಲು ಅದನ್ನು ನೋಡಿ.

ಎರಡು ವರ್ಷ ಸುಮ್ನಿದ್ದ ಮೀನು ಈಗ ಯಾಕೆ ಶುರು ಮಾಡ್ತು?

ಏನೋ ಬದಲಾಗಿರುತ್ತದೆ, ಹುಡುಕಬೇಕು. ಮೀನು ಬೆಳೆದು ದೊಡ್ಡದಾಗಿರಬಹುದು, ಮರಿಯಾಗಿದ್ದಾಗ ಸಾಕಾಗಿದ್ದ ಜಾಗ ಈಗ ಸಾಲದು. ಜೋಡಿಯಾಗಿರಬಹುದು. ತನ್ನನ್ನು ಅಂಕೆಯಲ್ಲಿಟ್ಟಿದ್ದ ದೊಡ್ಡ ಮೀನು ಸತ್ತು, ಆ ಸ್ಥಾನ ಖಾಲಿ ಬಿದ್ದಿರಬಹುದು. ಇದನ್ನು ಜನ ಗಮನಿಸುವುದು ಕಡಿಮೆ. ಹವಳ ಬೆಳೆದು ಓಡುವ ಓಣಿ ಮುಚ್ಚಿಹೋಗಿರಬಹುದು. ನೀರಿನ ಉಪ್ಪಿನಂಶ, ತಾಪವನ್ನೂ ಒಮ್ಮೆ ಅಳೆದುಬಿಡಿ.

## ಪಳಗಿದವರು ಕೇಳುವುದು

ಆರು ಅಡಿ ಟ್ಯಾಂಕ್ ಇದೆ. ಮೂರು ನಾಲ್ಕು ಟ್ಯಾಂಗ್ ಒಟ್ಟಿಗೆ ಇಡಬಹುದಾ?

ಇಡಬಹುದು, ಆದರೆ ಆಕಾರ ನೋಡಿ ಆರಿಸಿ. ಜೀಬ್ರಸೋಮ ಬಳಗದವು, ಅಂದರೆ ಯೆಲ್ಲೋ, ಪರ್ಪಲ್, ಸೈಲ್‌ಫಿನ್ ಟ್ಯಾಂಗ್‌ಗಳು, ಒಂದಕ್ಕೊಂದು ಆಗುವುದಿಲ್ಲ. ಅಕಾಂತೂರಸ್ ಬಳಗದಲ್ಲಿ ಪೌಡರ್ ಬ್ಲೂ ಥರದವು ಇನ್ನೂ ಕಷ್ಟ. ಒಂದು ಜೀಬ್ರಸೋಮ, ಒಂದು ಟೀನೋಕೀಟಸ್, ಒಂದು ಬೇರೆ ಬಳಗದ್ದು ಅಂತ ಹಂಚಿದರೆ ಊಟದ ರೀತಿಯೂ ಬೇರೆಯಾಗುತ್ತದೆ. ಕೋಲೆ ಟ್ಯಾಂಗ್ ಥರದ ಟೀನೋಕೀಟಸ್‌ಗಳು ಬಂಡೆಯ ಮೇಲಿನ ನಯವಾದ ಪದರವನ್ನು ಕೆರೆದು ತಿನ್ನುತ್ತವೆ, ಜೀಬ್ರಸೋಮಗಳು ಎಲೆಯಂಥ ಪಾಚಿಯನ್ನು ಕಿತ್ತು ತಿನ್ನುತ್ತವೆ.

ಟ್ಯಾಂಗ್ ಜಗಳವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮರೆಯಲಾಗುವುದಿಲ್ಲ. ಎರಡೂ ಅಕ್ಕಪಕ್ಕ ನಿಂತು ಮೇಲಿನ ಕೆಳಗಿನ ರೆಕ್ಕೆಯನ್ನು ಪೂರ್ತಿ ಎತ್ತುತ್ತವೆ, ಮೈ ಎರಡರಷ್ಟು ಕಾಣುತ್ತದೆ. ಒಂದು ಕ್ಷಣ ಅಲುಗಾಟವೇ ಇಲ್ಲ. ಆಮೇಲೆ ಒಂದರ ಬಾಲ ಚಾಟಿಯ ಹಾಗೆ ಬೀಸುತ್ತದೆ. ಇನ್ನೊಂದರ ಪಕ್ಕೆಯ ಮೇಲೆ ಬ್ಲೇಡಿನಿಂದ ಎಳೆದ ಹಾಗೆ ನೇರ ಬಿಳಿ ಗೆರೆ ಮೂಡುತ್ತದೆ. ರೆಕ್ಕೆ ಎತ್ತುವ ಹಂತದಲ್ಲೇ ಒಂದು ತಲೆ ತಗ್ಗಿಸಿ ಸರಿದರೆ ವಿಷಯ ಬಗೆಹರಿದ ಹಾಗೆ. ಬಾಲ ಬೀಸುವುದು ದಿನಕ್ಕೆರಡು ಸಲ ಕಂಡರೆ ಬೇರ್ಪಡಿಸಿ.

ಎಲ್ಲ ಟ್ಯಾಂಗ್‌ಗಳನ್ನೂ ಒಂದೇ ದಿನ ಬಿಡುವುದು ಒಳ್ಳೆಯದು, ಯಾರೂ ಮೊದಲಿಗರಾಗುವುದಿಲ್ಲ. ಆಗದಿದ್ದರೆ ಹೊಸದು ಹಳೆಯದಕ್ಕಿಂತ ಸ್ಪಷ್ಟವಾಗಿ ದೊಡ್ಡದಿರಲಿ ಅಥವಾ ತೀರಾ ಚಿಕ್ಕದಿರಲಿ. ಸಮಸಮ ಅಳತೆ ಬೇಡ.

ಸಿಹಿನೀರಿನ ಸಿಕ್ಲಿಡ್ ಟ್ಯಾಂಕಿನಲ್ಲಿ ಮೀನು ತುಂಬಿಸಿ ಹೊಡೆತ ಹಂಚುತ್ತಾರೆ. ಇಲ್ಲೂ ಹಾಗೆ ಮಾಡಬಹುದಾ?

ಅದೇ ಲೆಕ್ಕ ಇಲ್ಲಿ ಅಪಾಯ. ಒಬ್ಬನ ಮೇಲೆ ಬೀಳುವ ಹೊಡೆತ ಹತ್ತು ಜನರಿಗೆ ಹಂಚಿಹೋಗುತ್ತದೆ ಅನ್ನುವುದು ನಿಜ. ಆದರೆ ಉಪ್ಪುನೀರಿನಲ್ಲಿ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ, ಹವಳಗಳಿಗೆ ನೈಟ್ರೇಟ್ ಜಾಸ್ತಿಯಾದರೆ ಆಗುವುದಿಲ್ಲ. ಒಂದು ರಾತ್ರಿ ಪಂಪ್ ನಿಂತರೆ ಇಡೀ ಟ್ಯಾಂಕ್ ಹೋಗುತ್ತದೆ. ಮೀನಿನ ಸಂಖ್ಯೆ ಹೆಚ್ಚಿಸುವ ಬದಲು ಮರೆ ಹೆಚ್ಚಿಸಿ.

ಆಂಥಿಯಾಸ್ ಗುಂಪಿನಲ್ಲಿ ಹೆಣ್ಣುಗಳೇ ಒಂದನ್ನೊಂದು ಹೊಡೀತಿವೆ. ಗಂಡು ಇದ್ದೂ ಯಾಕೆ?

ಆಂಥಿಯಾಸ್‌ಗಳದ್ದು ಕ್ಲೌನ್‌ಗೆ ತದ್ವಿರುದ್ಧ, ಹೆಣ್ಣಾಗಿ ಶುರುವಾಗಿ ಮೇಲಿನದು ಗಂಡಾಗುತ್ತದೆ. ಹೆಣ್ಣುಗಳ ನಡುವೆಯೂ ಮೇಲೆ ಕೆಳಗೆ ಅನ್ನುವ ಸಾಲಿದೆ. ಎರಡೇ ಹೆಣ್ಣಿದ್ದರೆ ಕೆಳಗಿನದರ ಮೇಲೆಯೇ ಎಲ್ಲ ಹೊಡೆತ ಬೀಳುತ್ತದೆ, ಐದಾರು ಇದ್ದರೆ ಹಂಚಿಹೋಗುತ್ತದೆ. ಗುಂಪನ್ನು ಒಟ್ಟಿಗೇ ತನ್ನಿ, ಅಳತೆ ಬೇರೆ ಬೇರೆ ಇರಲಿ, ಗಂಡು ಒಂದೇ ಇರಲಿ. ಇವು ತೇಲುವ ಸಣ್ಣ ಜೀವಿಗಳನ್ನು ಇಡೀ ದಿನ ತಿನ್ನುವ ಮೀನು, ದಿನಕ್ಕೆ ಮೂರು ನಾಲ್ಕು ಸಲ ಸಣ್ಣ ಊಟ ಇಲ್ಲದಿದ್ದರೆ ಕೆಳಗಿನ ಹೆಣ್ಣು ಮೊದಲು ಸೊರಗುತ್ತದೆ. ಫೇರಿ ರಾಸ್‌ಗಳಿಗೂ ಒಂದು ಗಂಡು, ಎರಡು ಮೂರು ಹೆಣ್ಣು ಅನ್ನುವ ಕ್ರಮ ಹೊಂದುತ್ತದೆ. ಹೆಣ್ಣುಗಳನ್ನು ಮೊದಲು ಬಿಟ್ಟು, ಗಂಡನ್ನು ಕೊನೆಗೆ ಬಿಡಿ.

ಟ್ರಿಗರ್ ಇಡಲೇಬೇಕು ಅನ್ನೋ ಆಸೆ. ಉಳಿದ ಮೀನು ಉಳಿಯಬೇಕಲ್ಲ?

ನೀಲಿ ಗಂಟಲಿನ ಟ್ರಿಗರ್, ನೈಜರ್ ಟ್ರಿಗರ್ ನೋಡಿ. ಇವು ನೀರಿನ ನಡುವೆ ತೇಲುವ ಆಹಾರ ಹಿಡಿಯುವ ಮೀನುಗಳು, ಬಂಡೆ ಒಡೆದು ತಿನ್ನುವ ಟ್ರಿಗರ್‌ಗಳಿಗಿಂತ ಎಷ್ಟೋ ಸಮಾಧಾನ. ನೈಜರ್ ಚೆನ್ನಾಗಿ ಬೆಳೆಯುತ್ತದೆ, ಅದಕ್ಕೆ ಆರು ಅಡಿಗಿಂತ ಕಡಿಮೆ ಬೇಡ. ಎಳೆಯದನ್ನೇ ತಂದು, ಗಟ್ಟಿಮುಟ್ಟಾದ ಜೊತೆಗಾರರು ನೆಲೆಯಾದ ಮೇಲೆ ಕೊನೆಯದಾಗಿ ಬಿಡಿ. ಸೀಗಡಿಗಳ ಮೇಲಿನ ಆಸೆ ಬಿಡಬೇಕಾಗಬಹುದು. ಮೊದಲ ರಾತ್ರಿ ಅದು ಒಂದು ಸಂದಿಗೆ ನುಗ್ಗಿ, ಬೆನ್ನಿನ ಮುಳ್ಳನ್ನು ಎತ್ತಿ ಬಿಗಿಯಾಗಿ ಕೂತುಬಿಡುತ್ತದೆ. ಸತ್ತಿದೆಯೋ ಅಂತ ಗಾಬರಿಯಾಗಿ ಎಳೆಯಬೇಡಿ. ಬೆಳಿಗ್ಗೆ ದೀಪ ಹತ್ತಿ ಊಟದ ವಾಸನೆ ಬಂದಾಗ ಮುಳ್ಳು ಮಡಚಿಕೊಂಡು ತಾನೇ ಹೊರಗೆ ಬರುತ್ತದೆ.